ಹಲ್ಲಿನ ಡಾಕ್ಟರ ಸೈಟಿನಲ್ಲಿ ಪೇಡೆ

ಎಡಗಡೆಯ ದವಡೆ ಇನ್ನೂ ಜುಮ್ ಅನ್ನುತ್ತಿದೆ. ತಪ್ಪು ಹುಳುಕಿನದಲ್ಲ. ಇಂಗ್ಲಿಷಿನ ‘ಎಚ್’ ಅಕ್ಷರದ್ದು.

ನನ್ನದೊಂದು ಬಾಡಿಗೆ ಸರ್ವರ್ ಇದೆ. ಅದರ ಮೇಲೆ ನಾಲ್ಕು ವೆಬ್‌ಸೈಟ್ ಸಂಸಾರ ಮಾಡಿಕೊಂಡಿವೆ. ಹುಬ್ಬಳ್ಳಿ ವಿದ್ಯಾನಗರದ ಹಲ್ಲಿನ ಡಾಕ್ಟರದು, ಗದಗಿನ ಕಲ್ಯಾಣ ಮಂಟಪದ್ದು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯದು. ಹೋದ ರವಿವಾರ ಧಾರವಾಡದ ಪೇಡೆ ಅಂಗಡಿಯ ಕಾಕಾ ಕೂಡ ಬಂದು ಸೇರಿದರು. ನಾಲ್ಕು ಡೊಮೇನ್ ಅಂದರೆ ನಾಲ್ಕು ಹೆಸರು, ಸರ್ವರಿನ ನಂಬರು ಅಂದರೆ ಐಪಿ ಅಡ್ರೆಸ್ ಮಾತ್ರ ಒಂದೇ.

ಸೋಮವಾರ ಬೆಳಿಗ್ಗೆ ಡಾಕ್ಟರ ಮೆಸೇಜ್ ಬಂತು. “ಬರವಲ್ದು.”

ಅಷ್ಟೇ. ಅವರ ಮೆಸೇಜ್ ಯಾವಾಗಲೂ ಒಂದೇ ಪದದ್ದು. ಏನು ಬರವಲ್ದು ಎಂದು ಕೇಳಿದೆ. ಫೋಟೋ ಬಂತು. ಕಂಪ್ಯೂಟರಿನ ಪರದೆಯನ್ನು ಮೊಬೈಲಿನಲ್ಲಿ ಹೊಡೆದ ಫೋಟೋ. ಅಡ್ರೆಸ್ ಇರುವ ಜಾಗದಲ್ಲಿ ಅವರ ಹೆಬ್ಬೆಟ್ಟು. ಅದರ ಕೆಳಗೆ ಒಂದು ತಟ್ಟೆ ಪೇಡೆ. ಇನ್ನೊಂದು ಫೋಟೋ ಕಳಿಸಿ, ಮೇಲಿನ ಅಡ್ರೆಸ್ ಕಾಣಲಿ ಎಂದೆ. ಈ ಸಲ ಅಡ್ರೆಸ್ಸಿನ ಮೇಲೆ ಟ್ಯೂಬ್‌ಲೈಟಿನ ಬೆಳಕು. ಪೇಡೆ ಮಾತ್ರ ಸ್ಪಷ್ಟ.

ನಾನೇ ತೆರೆದು ನೋಡಿದೆ. ಹೌದು. ಡಾಕ್ಟರ ವಿಳಾಸ ಹಾಕಿದರೆ ಕಾಕಾನ ಅಂಗಡಿ ತೆರೆಯುತ್ತಿತ್ತು. ಅದೂ ಬೀಗದ ಗುರುತಿನ ಸಮೇತ. ಜಾಣತನ ಮಾಡಿ ಎಲ್ಲ ಡೊಮೇನ್‌ಗೂ ಸೇರಿಸಿ ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟ್ ಒಂದೇ ತೆಗೆದಿದ್ದೆನಲ್ಲ, ಹಾಗಾಗಿ ಬ್ರೌಸರ್ ಒಂದು ಮಾತೂ ತಕರಾರು ಮಾಡಲಿಲ್ಲ.

ಮೊದಲು ಡಿಎನ್‌ಎಸ್, ಅಂದರೆ ಯಾವ ಹೆಸರಿಗೆ ಯಾವ ಐಪಿ ಅಂತ ಹೇಳುವ ಪಟ್ಟಿ, ನೋಡಿದೆ. ಸರಿ ಇತ್ತು. ನಮ್ಮ ಕಸುಬಿನವರು ತಪ್ಪು ಸಿಗದಾಗ ಹೇಳುವ ಮಾತನ್ನು ನಾನೂ ಹೇಳಿದೆ: “ಡಾಕ್ಟ್ರ, ನಿಮ್ಮ ಬ್ರೌಸರಿನ ಕ್ಯಾಶೆ ಕ್ಲಿಯರ್ ಮಾಡ್ರಿ.” ನನ್ನ ಬ್ರೌಸರಿನಲ್ಲೂ ಪೇಡೆಯೇ ಬರುತ್ತಿತ್ತು ಅನ್ನೋದನ್ನು ಅವರಿಗೆ ಹೇಳಲಿಲ್ಲ. ಬಂದವರಿಗೆ ಸೈಟ್ ಕೊಡುವ ಸರ್ವರಿನ ತಂತ್ರಾಂಶ ಅಪಾಚೆಯನ್ನು ನಾಲ್ಕು ಸಲ ಆರಿಸಿ ಹಚ್ಚಿದೆ. ಕಾನ್ಫಿಗ್, ಅಂದರೆ ಯಾವ ಹೆಸರಿಗೆ ಯಾವ ಸೈಟ್ ಕೊಡಬೇಕು ಅಂತ ನಾನು ಬರೆದಿಟ್ಟ ಫೈಲುಗಳು, ತಪ್ಪಿದೆಯಾ ಅಂತ ಅದನ್ನೇ ಕೇಳಿದೆ. “ಸಿಂಟ್ಯಾಕ್ಸ್ ಓಕೆ” ಎಂದಿತು. ಮನೆಗೆ ಬೆಂಕಿ ಬಿದ್ದಾಗ ಕಾಗುಣಿತ ಸರಿ ಇದೆ ಅನ್ನುವ ಮಾಸ್ತರ ಹಾಗೆ.

ಅಷ್ಟರಲ್ಲಿ ಕಾಕಾನ ಫೋನ್. “ತಮ್ಮಾ, ವೆಬ್‌ಸೈಟ್ ಭಾರಿ ನಡದೈತಿ! ಮುಂಜಾನೆಯಿಂದ ಮೂರು ಮಂದಿ ಫೋನ್ ಹಚ್ಚಿದ್ರು. ಒಬ್ಬಾಕಿ, ದವಡಿ ಬಾತೈತಿ, ಎಷ್ಟಕ್ಕ ಬರ್ಲಿ ಅಂತ ಕೇಳಿದ್ಳು. ನಾ ಅಂದೆ, ಬಾರವಾ, ಒಂಬತ್ತರ ತನಕಾ ಅಂಗಡಿ ತಗದಿರತೈತಿ.”

ಇದನ್ನು ಓದುವವರಲ್ಲಿ ಅರ್ಧ ಜನಕ್ಕೆ ಒಂದೇ ಐಪಿಯಲ್ಲಿ ನಾಲ್ಕು ಸೈಟ್ ಹೇಗೆ ಅನ್ನಿಸಬಹುದು. ಚಾಳಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಚಾಳಿಗೆ ಮನೆ ನಂಬರು ಒಂದೇ, ಒಳಗೆ ಆರು ಸಂಸಾರ. ಪೋಸ್ಟ್‌ಮನ್ ಬಾಗಿಲಿಗೆ ಬಂದು ಹೆಸರು ಓದಿ ಕಾಗದ ಹಂಚುತ್ತಿದ್ದ. ವೆಬ್‌ನಲ್ಲೂ ಹಾಗೆಯೇ. ಬ್ರೌಸರ್ ತನಗೆ ಯಾವ ಸೈಟ್ ಬೇಕು ಅಂತ ‘ಹೋಸ್ಟ್’ ಎಂಬ ಸಾಲಿನಲ್ಲಿ ಹೆಸರು ಬರೆದು ಕಳಿಸುತ್ತದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಕ್ಕೆ ಎಚ್‌ಟಿಟಿಪಿ ಅಂತ ಹೆಸರು. 1997ರಲ್ಲಿ ಬಂದ ಅದರ 1.1ನೇ ಆವೃತ್ತಿಯಿಂದ ಆ ಸಾಲು ಕಡ್ಡಾಯ. ಆ ಸಾಲೇ ಇಲ್ಲದ ಕಾಲದಲ್ಲಿ ಒಂದೊಂದು ಸೈಟಿಗೂ ಒಂದೊಂದು ಐಪಿ ಬೇಕಾಗುತ್ತಿತ್ತು. ಹಳೇ ನಮೂನೆಯ ಐಪಿ ಇರೋದೇ ಸುಮಾರು 430 ಕೋಟಿ. ಎಲ್ಲರಿಗೂ ಬಂಗಲೆ ಎಲ್ಲಿಂದ ತರೋದು? ಚಾಳೇ ಗತಿ.

ಹೆಸರು ಸರಿಯಾಗಿಲ್ಲದ ಕಾಗದ ಬಂದರೆ ಪೋಸ್ಟ್‌ಮನ್ ಮೊದಲ ಮನೆಯ ಆಯಿಯ ಕೈಗೆ ಕೊಟ್ಟು ಹೋಗುತ್ತಿದ್ದ. ಅಪಾಚೆಯ ಪದ್ಧತಿಯೂ ಅದೇ. ಹೆಸರು ಯಾವುದಕ್ಕೂ ಹೊಂದದಿದ್ದರೆ ಸಾಲಿನಲ್ಲಿ ಮೊದಲು ಇರುವ ಸೈಟನ್ನು ಕೊಟ್ಟುಬಿಡುತ್ತದೆ. ಸಾಲು ನಿಲ್ಲೋದು ಆಯಾ ಸೈಟಿನ ಕಾನ್ಫಿಗ್ ಫೈಲಿನ ಹೆಸರಿನ ಅಕ್ಷರ ಕ್ರಮದಲ್ಲಿ. ಕಾಕಾನ ಅಂಗಡಿಯ ಹೆಸರು ‘ಎ’ಯಿಂದ ಶುರು. ಬಂದ ದಿನವೇ ಮೊದಲ ಮನೆ ಹಿಡಿದುಬಿಟ್ಟಿದ್ದರು.

ಅಂದರೆ ಡಾಕ್ಟರ ಹೆಸರು ಹೊಂದುತ್ತಿಲ್ಲ. ಯಾಕೆ? ಫೈಲು ತೆಗೆದು ಹತ್ತು ಸಲ ಓದಿದೆ. ಎಲ್ಲ ಸರಿ ಇತ್ತು. ನಾನೇ ಬರೆದದ್ದಲ್ವಾ, ನನ್ನ ಕಣ್ಣಿಗೆ ಸರಿಯಾಗೇ ಕಾಣುತ್ತೆ.

ಮಂಗಳವಾರ ಮತ್ತೆ ಮೆಸೇಜ್. “ಬರ್ರಿ.” ಚಿಗರಿ ಬಸ್ಸು ಹತ್ತಿ ಹೋದೆ. ಡಾಕ್ಟರ ರೂಮಿನಲ್ಲಿ ಅವರದು ಬಿಟ್ಟರೆ ಇರೋದು ಒಂದೇ ಕುರ್ಚಿ. ಅದು ಯಾವ ಕುರ್ಚಿ ಅಂತ ನಿಮಗೆ ಗೊತ್ತು. ಸುಮ್ನೆ ತುದಿಯಲ್ಲಿ ಕೂತೆ. ಅದು ತಾನಾಗಿಯೇ ಹಿಂದಕ್ಕೆ ವಾಲಿತು. ಮೇಲೆ ದೀಪ ಹತ್ತಿತು.

“ಬಂದದ್ದು ಬಂದೀರಿ, ಬಾಯಿ ತಗೀರಿ. ನೋಡೇ ಬಿಡೂಣು.”

ಎಡಗಡೆ ಒಂದು ಹಲ್ಲು ಕೆಟ್ಟಿದೆಯಂತೆ. ಸೂಜಿ ಚುಚ್ಚಿದರು. ಬಾಯಲ್ಲಿ ಹತ್ತಿ, ಕನ್ನಡಿ, ಜೊಲ್ಲು ಎಳೆಯುವ ಕೊಳವೆ ಎಲ್ಲ ತುಂಬಿದ ಮೇಲೆ ವಿಚಾರಣೆ ಶುರುವಾಯಿತು. ಹಲ್ಲಿನ ಡಾಕ್ಟರಿಗೆ ಇದೊಂದು ಚಟ. ಬಾಯಿ ಖಾಲಿ ಇದ್ದಾಗ ಏನೂ ಕೇಳುವುದಿಲ್ಲ.

“ಎರಡ ವರ್ಷ ಛಲೋ ಇತ್ತು. ಈಗ ಯಾಕ ಕೆಟ್ಟೈತಿ?”

“ಆ.”

“ನನ್ನ ಪೇಷಂಟ್‌ಗೆ ಪೇಡೆ ತೋರಿಸಿದ್ರ ನನಗೇ ಲಾಭ ಅಂತ ಮಾಡೀರೇನು?”

“ಆಹಾ.”

“ಹೌದ? ಹೌದಂತೀರಿ?”

ಡ್ರಿಲ್ ಗುಂಯ್ ಎಂದಿತು. ನೋಡಲು ಬೇರೇನೂ ಇಲ್ಲದೆ ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ಡಾಕ್ಟರೇ ಮಾಡಿಸಿದ್ದು. ಕೆಳಗೆ ದಪ್ಪ ಅಕ್ಷರದಲ್ಲಿ ವೆಬ್‌ಸೈಟ್ ವಿಳಾಸ. ಡಿ, ಎ, ಎನ್, ಟಿ, ಎ. ದಂತ.

ಎಚ್ ಇಲ್ಲ!

ನಮ್ಮ ಕಡೆ ಗೀತಾ, ಸವಿತಾ ಅಂತ ಇಂಗ್ಲಿಷಿನಲ್ಲಿ ಬರೆಯಲು ‘ಟಿ’ ಒಂದೇ ಸಾಕು. ಬೆಂಗಳೂರಿನ ಕಡೆ ಅದರ ಬೆನ್ನಿಗೆ ಒಂದು ‘ಎಚ್’ ಹಚ್ಚುತ್ತಾರೆ. ಎಂಟು ವರ್ಷ ಅಲ್ಲಿದ್ದು ಬಂದವನು ನಾನು. ಮಾತು ತಿರುಗಿ ಬಂತು, ಎಚ್ ಕೈಯಲ್ಲೇ ಉಳಿಯಿತು. ಕಾನ್ಫಿಗ್‌ನಲ್ಲಿ ಡಾಕ್ಟರ ಹೆಸರಿಗೂ ಅದನ್ನು ಅಂಟಿಸಿದ್ದೆ. ಎರಡು ವರ್ಷ ಅವರ ಫೈಲೇ ಸಾಲಿನಲ್ಲಿ ಮೊದಲಿತ್ತು. ಹೆಸರು ಹೊಂದದಿದ್ದರೂ ಕಾಗದ ಅವರ ಮನೆಗೇ ಬೀಳುತ್ತಿತ್ತು. ಅದು ಸರಿಯಾಗಿ ನಡೆದದ್ದೇ ತಪ್ಪಿನಿಂದ.

ಎದ್ದು ಕೂರಲು ಹೋದೆ. “ಹ್! ಹ್!” ಎಂದೆ. ಬಾಯಿ ತೆರೆದುಕೊಂಡು ಹೇಳಬಹುದಾದ ಅಕ್ಷರ ಅದೊಂದೇ, ನನಗೆ ಬೇಕಾಗಿದ್ದೂ ಅದೇ. ಆದರೆ ಆ ಕುರ್ಚಿಯಲ್ಲಿ ದಿನವೂ ಎಲ್ಲರೂ ಅನ್ನೋದು ಅದನ್ನೇ.

“ಆತು, ಆತು. ಇನ್ನೊಂದ ಸ್ವಲ್ಪ,” ಎಂದು ಡಾಕ್ಟರು ಭುಜ ಒತ್ತಿ ಮತ್ತೆ ಮಲಗಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತು, ಅರ್ಧ ತುಟಿ ಇಲ್ಲದ ಮುಖ ಹೊತ್ತು, ಮೊಬೈಲಿನಿಂದಲೇ ಸರ್ವರಿಗೆ ಹೋಗಿ ಒಂದು ಅಕ್ಷರ ಅಳಿಸಿದೆ. ಡಾಕ್ಟರು ವಾಪಸ್ ಬಂದರು. ಫೀ ಎಷ್ಟು ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಸಂಕೋಚ ಇಲ್ಲದೆ ಹೇಳಿದರು.

ರಾತ್ರಿ ಸರ್ವರಿನಲ್ಲಿ ಇನ್ನೊಂದು ಫೈಲು ಸೇರಿಸಿದೆ. ಎಲ್ಲರಿಗಿಂತ ಮೊದಲು ನಿಲ್ಲಲಿ ಅಂತ ಮೂರು ಸೊನ್ನೆ ಹಾಕಿ, ಮುಂದೆ ‘ಆಯಿ’ ಅಂತ ಹೆಸರಿಟ್ಟೆ. ಹೆಸರು ತಪ್ಪಿ ಬಂದವರೆಲ್ಲ ಇನ್ನು ಮೇಲೆ ಅಲ್ಲಿಗೆ ಹೋಗುತ್ತಾರೆ. ಆ ಪುಟದಲ್ಲಿ ಇರೋದು ಒಂದೇ ಸಾಲು: “ಯಾರು ಬೇಕಾಗಿತ್ತಪಾ?” ನಮ್ಮ ಆಯಿ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದದ್ದು ಹಾಗೆಯೇ. ಆಮೇಲೆ ಕಾಗದ ಸೆರಗಿನಲ್ಲಿ ಹಿಡಿದು ಆರೂ ಮನೆ ತಿರುಗಿ, ಕೊಡಬೇಕಾದವರಿಗೆ ಕೊಟ್ಟೇ ಬರುತ್ತಿದ್ದಳು. ಅಪಾಚೆಗೆ ಅಷ್ಟೆಲ್ಲ ಬರುವುದಿಲ್ಲ. ಆ ಚಾಳೂ ಈಗ ಇಲ್ಲ, ಅಲ್ಲಿ ಪಾರ್ಕಿಂಗ್ ಆಗಿದೆ.

ಇವತ್ತು ಕಾಕಾನ ಫೋನ್ ಬಂದಿತ್ತು. “ನಿನ್ನೆ ಸಂಜೀಯಿಂದ ಒಂದು ಫೋನೂ ಇಲ್ಲ. ಏನರ ಕೆಡಿಸೀಯೇನು?” ಎಲ್ಲ ಬಿಡಿಸಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಮತ್ತ ಅದನ್ನ ಹಂಗ ಮಾಡಾಕ ಎಷ್ಟ ತಗೋತಿ?”