ಭಾವನ ಮನೆಯ ನಾಲ್ಕು ಡಬ್ಬಿ

ನಿನ್ನೆ ಶಿರಸಿ ಹತ್ತಿರದ ಭಾವನ ಮನೆಗೆ ಊಟಕ್ಕೆ ಹೋಗಿದ್ದೆ. ಉಂಡು, ಕವಳ ಹಾಕಿ, ಜಗಲಿಯಲ್ಲಿ ಸ್ವಲ್ಪ ಅಡ್ಡಾಗೋಣ ಅಂತ ನೋಡಿದರೆ ಜಾಗವೇ ಇಲ್ಲ. ಭಾವನ ಸೊಸೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗಿನಲ್ಲಿದ್ದಳು. ಮಗ್ಗುಲಲ್ಲೇ ನಮ್ಮ ಗಂಡಸರ ಇಸ್ಪೀಟು ಗಲಾಟೆ. ಮಾಳಿಗೆ ಮೇಲೆ ಕೋಣೆ ಖಾಲಿ ಇದೆಯಲ್ಲೇ ಅಂದೆ. "ಅಲ್ಲಿ ನೆಟ್ ಬರೋದಿಲ್ಲ ಮಾವ" ಅಂದಳು.

ಬರೋದಿಲ್ಲವಂತೆ! ಮನೆಗೆ ಫೈಬರ್ ಬಂದಿದೆ. 100 ಎಂಬಿಪಿಎಸ್ (ನೆಟ್ಟಿನ ವೇಗದ ಅಳತೆ) ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಅದು ಸಾಲದು ಅಂತ ಜಗಲಿಯ ರೌಟರ್ ಅಲ್ಲದೆ ಇನ್ನೂ ಮೂರು ಡಬ್ಬಿ. ನಡುಮನೆಯಲ್ಲಿ ಒಂದು, ಅಡಿಗೆಮನೆ ಬಾಗಿಲಲ್ಲಿ ಒಂದು, ಮೆಟ್ಟಿಲ ಮೇಲೆ ಒಂದು. ಎಲ್ಲ ರಿಪೀಟರ್. ನನ್ನ ಫೋನಿನಲ್ಲಿ ಅಳೆದೆ. ಜಗಲಿಯಲ್ಲಿ 96, ಮಾಳಿಗೆಯಲ್ಲಿ 4. ನಾನು ಬ್ಯಾಂಕಿನಲ್ಲಿ ನೋಟು ಎಣಿಸಿ ರಿಟೈರ್ ಆದವನು, ಇಂಜಿನಿಯರ್ ಅಲ್ಲ. ಆದರೆ 96 ಕೊಟ್ಟು 4 ತಗೊಳ್ಳುವುದು ಲೆಕ್ಕ ತಪ್ಪಿದ್ದು ಅಂತ ಗೊತ್ತಾಗುತ್ತದೆ.

ಒಂದು ವೈರ್ ಎಳೆಯೋಕೆ ಏನು ಧಾಡಿ ಮಾರಾಯರೆ?

ಅಗ್ಗದ ರಿಪೀಟರ್ ಮಾಡುವುದು ಇಷ್ಟೇ. ರೌಟರ್ ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ, ಆಮೇಲೆ ಅದನ್ನೇ ತಿರುಗಿ ಹೇಳುತ್ತದೆ. ಎರಡೂ ಒಂದೇ ಚಾನೆಲ್‌ನಲ್ಲಿ. ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ಹಾಗಾಗಿ ಅಲ್ಲೇ ವೇಗ ಅರ್ಧ. ಅದರ ಮುಂದೆ ಇನ್ನೊಂದು ಸಿಕ್ಕಿಸಿದರೆ ಅರ್ಧದಲ್ಲೂ ಅರ್ಧ. ಇದರ ಮೇಲೆ ನಮ್ಮ ಚಿರೆಕಲ್ಲಿನ ಗೋಡೆ. ಒಂದಡಿಗೂ ಜಾಸ್ತಿ ದಪ್ಪ, ಮಳೆಗಾಲದಲ್ಲಿ ನೀರು ಕುಡಿದು ತಣ್ಣಗೆ ಕೂತಿರುತ್ತದೆ. ವೈಫೈಯ ಎರಡು ಅಲೆಗಳಲ್ಲಿ 2.4 ಗಿಗಾಹರ್ಟ್ಸಿನದ್ದು ಹೇಗೋ ಏದುಸಿರು ಬಿಡುತ್ತಾ ಒಂದೆರಡು ಗೋಡೆ ದಾಟೀತು. ವೇಗ ಜಾಸ್ತಿ ಇರುವ 5 ಗಿಗಾಹರ್ಟ್ಸ್ ಮೊದಲ ಗೋಡೆಗೇ ಸುಸ್ತು.

ಇದೇ ಭಾವ ಗುಡ್ಡದ ಅಬ್ಬಿ ನೀರನ್ನು ಅರ್ಧ ಕಿಲೋಮೀಟರ್ ಪೈಪ್ ಹಾಕಿ ಬಚ್ಚಲಿಗೆ ತಂದವನು. ಅವನ ಅಪ್ಪ ಅಡಿಕೆ ದಬ್ಬೆಯಲ್ಲಿ ತರುತ್ತಿದ್ದರು. ಗುಡ್ಡದಿಂದ ನೀರು ತಾನೇ ಹಾರಿ ಬರಲಿ ಅಂತ ಯಾರೂ ಕಾದು ಕೂತಿರಲಿಲ್ಲ. ಮಾಳಿಗೆಗೆ ಬೇಕಿರುವುದು 25 ಮೀಟರ್ ಕೇಬಲ್, ಅದರ ತುದಿಗೆ ಇನ್ನೊಂದು ರೌಟರ್. ಕ್ಯಾಟ್ 6 ಅನ್ನುವ ನೆಟ್ಟಿನ ತಾಮ್ರದ ಕೇಬಲ್ 100 ಮೀಟರ್ ತನಕ ಒಂದು ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಆರಾಮಾಗಿ ಒಯ್ಯುತ್ತದೆ.

"ಈಗೆಲ್ಲ ವೈರ್‌ಲೆಸ್ ಕಾಲ ಅಲ್ದನಾ ಭಾವಾ, ಗೋಡೆ ಮೇಲೆ ವೈರ್ ಚಂದ ಕಾಣ್ತಿಲ್ಲೆ" ಅಂದ. ಚಂದವಂತೆ! ಅದೇ ಗೋಡೆ ಮೇಲೆ ಮೂರು ವರ್ಷದ ಹಿಂದಿನ ಕ್ಯಾಲೆಂಡರ್ ಇನ್ನೂ ನೇತಾಡುತ್ತಿದೆ.

ಆಮೇಲೆ ಸಿಡಿಲಿನ ಮಾತು ತೆಗೆದ. ಇದು ಮಾತ್ರ ಸುಮ್ನೆ ತಳ್ಳಿಹಾಕುವ ಮಾತಲ್ಲ. ಮಳೆ ಹಿಡಿಯುವ ಮುಂಚಿನ ಗುಡುಗಿಗೆ ನಮ್ಮ ಕಡೆ ಎಷ್ಟು ಮನೆಯ ಟಿವಿ ಸುಟ್ಟಿಲ್ಲ! ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ತಾಮ್ರದಲ್ಲಿ ಹರಿಯುತ್ತದೆ. ಹಾಗಾಗಿ ಮನೆಯಿಂದ ಕೊಟ್ಟಿಗೆಗೆ, ಅಂಗಳ ದಾಟಿಸಿ ತಾಮ್ರದ ಕೇಬಲ್ ಎಳೆಯಬೇಡಿ, ಅಲ್ಲಿಗೆ ಫೈಬರ್ರೇ ಸರಿ. ಆದರೆ ಮಾಳಿಗೆ ಇರುವುದು ಮನೆಯ ಒಳಗೆ! ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ಕಿತ್ತಿಡಿ. ಮಿಕ್ಸರ್‌ದು ಕೀಳುವುದಿಲ್ಲವಾ?

ಇಷ್ಟು ಜೋರಾಗಿ ಮಾತಾಡುವ ನಾನೇನು ಹುಟ್ಟುತ್ತಲೇ ಜಾಣನಲ್ಲ. ಹೇಳಿಬಿಡುತ್ತೇನೆ. 2020ರ ಲಾಕ್‌ಡೌನಿನಲ್ಲಿ, ಊರಿನ ಮಕ್ಕಳು ಪಾಠ ಕೇಳಲಿಕ್ಕೆ ಗುಡ್ಡ ಹತ್ತುತ್ತಿದ್ದಾಗ, ನಾನು ಮೂರು ಕೋಡಿನ (ಆಂಟೆನಾದ) ಹೊಸ ರೌಟರ್ ತಂದು ಕೇಬಲ್ಲಿನಲ್ಲಿ ಹಳೆಯದಕ್ಕೆ ಸಿಕ್ಕಿಸಿದೆ. ಎರಡಕ್ಕೂ 192.168.1.1 ಅನ್ನುವ ಒಂದೇ ವಿಳಾಸ. ಮನೆಯ ಫೋನುಗಳಿಗೆ ನೆಟ್ಟಿನ ವಿಳಾಸದ ನಂಬರ್ ಹಂಚುವುದಕ್ಕೆ ಎರಡು ರೌಟರಿಗೂ ಪೈಪೋಟಿ. ನೆಟ್ ಬಂದರೆ ಬಂತು, ಹೋದರೆ ಹೋಯಿತು. ತಂಗಿ ದಿನಾ ಸಂಜೆ ಅಮ್ಮನಿಗೆ ಮಾಡುತ್ತಿದ್ದ ವಿಡಿಯೊ ಕಾಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಲೈನಿನ ಹುಡುಗನಿಗೆ ಫೋನ್ ಮಾಡಿ ಹದಿನೈದು ದಿನ ಬೈದೆ. ಪಾಪ, ಎರಡು ಸಲ ಮಳೆಯಲ್ಲಿ ಬೈಕ್ ಮೇಲೆ ಬಂದು ಕಂಬ ನೋಡಿ ಹೋದ. ತಪ್ಪು ನನ್ನದು ಅಂತ ಆಮೇಲೆ ಗೊತ್ತಾಯಿತು. ಅವನಿಗೆ ಇವತ್ತಿನವರೆಗೂ ಹೇಳಿಲ್ಲ.

ಆವತ್ತು ನಾನು ಮಾಡಬೇಕಿದ್ದದ್ದು ಎಷ್ಟು ಸಣ್ಣದು! ಎರಡನೇ ರೌಟರಿನ ವಿಳಾಸ 192.168.1.2 ಮಾಡುವುದು. ಅದರ ಡಿಎಚ್‌ಸಿಪಿ ಬಂದ್ ಮಾಡುವುದು, ಅಂದರೆ ನಂಬರ್ ಹಂಚುವ ಕೆಲಸ ಒಬ್ಬನಿಗೇ ಬಿಡುವುದು. ಕೇಬಲ್ಲನ್ನು ಹೊರಗಿನ ಲೈನಿಗಿರುವ ವ್ಯಾನ್ (WAN) ಪೋರ್ಟಿಗಲ್ಲ, ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ (LAN) ಪೋರ್ಟಿಗೆ ಹಾಕುವುದು. ಎರಡರ ವೈಫೈಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಫೋನ್ ಸಿಗ್ನಲ್ ಚೆನ್ನಾಗಿರುವ ಕಡೆಗೆ ತಾನೇ ಹೊರಳಿಕೊಳ್ಳುತ್ತದೆ. ಹಳೇ ರೌಟರೇ ಸಾಕು, ಹೊಸದು ಬೇಡ. ಕೇಬಲ್ ಕೊಳ್ಳುವಾಗ ಮಾತ್ರ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದದ್ದನ್ನೂ ಅದೇ ಹೆಸರಲ್ಲಿ ಮಾರುತ್ತಾರೆ.

ಇದನ್ನೆಲ್ಲ ಭಾವನಿಗೆ ಹೇಳಿದೆ. ತಲೆ ಆಡಿಸಿದ. ಸಂಜೆ ನಾನು ಮನೆ ಮುಟ್ಟುವುದರೊಳಗೆ ಫೋನ್. ಅಂಗಡಿಯವನು ಆರು ಕೋಡಿನದ್ದು ಬಂದಿದೆ ಅಂದನಂತೆ, ತರಲಾ ಅಂತ ಕೇಳುತ್ತಾನೆ!

ನಮ್ಮನೆಗೆ ತಂದ ಕೇಬಲ್ ಇನ್ನೂ 40 ಮೀಟರ್ ಉಳಿದಿದೆ. ಕೇಬಲ್ಲಿನ ತುದಿಗೆ ಪಿನ್ ಕೂರಿಸುವ ಕ್ರಿಂಪಿಂಗ್ ಟೂಲೂ ಇದೆ. ಭಾನುವಾರ ಬರುತ್ತೇನೆ ಭಾವಾ. ಇದನ್ನು ನೀನು ಓದುತ್ತೀಯ ಅಂತ ಗೊತ್ತು, ಓದಲಿಕ್ಕೆ ಜಗಲಿಗೆ ಬರಬೇಕು ಅಷ್ಟೆ. ಏಣಿ ತೆಗೆದಿಡು. ಒಂದೆಲಗದ ತಂಬುಳಿ ಮಾಡಿಸು.