ಹುಣಸೆಹುಳಿಯಲ್ಲಿ ಮಿಂದ ನನ್ನ ಟಾರ್ಚು

17 ದಿನಗಳ ಬಳಿಕ ನನ್ನ ಟಾರ್ಚು ಮನೆಗೆ ಮರಳಿದೆ. ದೇವರ ಕೋಣೆಯ ದೀಪದ ಪಕ್ಕದಲ್ಲಿಟ್ಟರೆ ಯಾವುದು ದೀಪ, ಯಾವುದು ಟಾರ್ಚು ಎಂದು ಗೊಂದಲವಾಗುವಷ್ಟು ಫಳಫಳ ಹೊಳೆಯುತ್ತಿದೆ. ಆ ಹೊಳಪನ್ನು ಕಂಡಾಗ ನನಗೆ ಬಂದ ಸಿಟ್ಟನ್ನು ಮನೆಯಲ್ಲಿ ಯಾರ ಮುಂದೆಯೂ ತೋರಿಸುವ ಹಾಗಿಲ್ಲ. ಅದಕ್ಕಿರುವ ಕಾರಣವನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಹೊಟ್ಟೆಯೊಳಗೆ ಕುದಿಯುತ್ತಿರುವುದನ್ನು ಇಲ್ಲಿ ಹೊರಹಾಕದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಅದು ತಾಮ್ರದ ಮೈಯ ಎಮಿಸಾರ್ ಡಿ4ವಿ2. ಅಂಗೈಯೊಳಗೆ ಅಡಗುವಷ್ಟೇ ಉದ್ದ, ಆದರೆ ಕಿಸೆಯಲ್ಲಿಟ್ಟರೆ ಪ್ಯಾಂಟು ಒಂದು ಕಡೆಗೆ ಜಗ್ಗುವಷ್ಟು ಭಾರ. ಇಂಥ ಟಾರ್ಚನ್ನು ಉಡುಪಿಯ ಅಂಗಡಿಗಳಲ್ಲಿ ನಾನಂತೂ ಕಂಡಿಲ್ಲ. ಟಾರ್ಚಿನ ಹವ್ಯಾಸದವರಲ್ಲಿ ಅನೇಕರು ನೆಚ್ಚಿಕೊಂಡಿದ್ದ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್, 2020ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ 43 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಹೋದ ಮೇಲೆ ನನ್ನಂಥವರಿಗೆ ಗಲ್ಫಿನಲ್ಲಿರುವ ನೆಂಟರು, ಗೆಳೆಯರೇ ಗತಿ. ನನ್ನದು ಬಂದದ್ದೂ ಹಾಗೆಯೇ. ಬಿಡಿ ಲಿಥಿಯಂ ಸೆಲ್ಲನ್ನು ವಿಮಾನದ ದೊಡ್ಡ ಲಗೇಜಿನಲ್ಲಿ ಹಾಕುವಂತಿಲ್ಲವಾದ್ದರಿಂದ ದುಬೈಯ ಗೆಳೆಯನೊಬ್ಬ ಅದನ್ನು ಕೈಚೀಲದಲ್ಲಿ ಪ್ರತ್ಯೇಕವಾಗಿಟ್ಟುಕೊಂಡು, ಬಜಪೆಯಲ್ಲಿ ಇಳಿದ ಕೂಡಲೇ ಫೋನು ಮಾಡಿ, ಹೆಣ್ಣು ಒಪ್ಪಿಸಿದ ಹಾಗೆ ನನ್ನ ಕೈಗೊಪ್ಪಿಸಿದ್ದ.

ಬಂದದ್ದನ್ನು ಬಂದ ಹಾಗೆಯೇ ಬಳಸುವ ಜಾಯಮಾನ ನನ್ನದಲ್ಲ. ಅದರೊಳಗಿದ್ದ ಎಲ್‌ಇಡಿಗಳ ಬೆಳಕು 6500 ಕೆಲ್ವಿನ್‌ನದು, ಆಸ್ಪತ್ರೆಯ ವರಾಂಡದ ಟ್ಯೂಬ್‌ಲೈಟಿನಂತೆ ನೀಲಿಗಟ್ಟಿದ ಬಿಳುಪು. ಅವನ್ನು ತೆಗೆದು ಜಪಾನಿನ ನಿಚಿಯಾ ಕಂಪೆನಿಯ 519ಎ ಎಂಬ, ಅಷ್ಟು ನೀಲಿಯಲ್ಲದ 4500 ಕೆಲ್ವಿನ್‌ನ ನಾಲ್ಕು ಎಲ್‌ಇಡಿಗಳನ್ನು ಕೂರಿಸಿದೆ. (ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಶುಜಿ ನಾಕಾಮುರಾ ಆ ಸಂಶೋಧನೆಯನ್ನು ಮಾಡಿದ್ದು ಇದೇ ಕಂಪೆನಿಯಲ್ಲಿದ್ದಾಗ. ಇದನ್ನು ಭಾವನಿಗೆ ಊಟದ ಹೊತ್ತಿನಲ್ಲಿ ವಿವರಿಸಿದಾಗ ಅವರು ಉಪ್ಪಿನಕಾಯಿ ಕೇಳಿದರು.) ಒಂದೊಂದು ಎಲ್‌ಇಡಿ ಮೂರೂವರೆ ಮಿಲಿಮೀಟರ್ ಚೌಕ, ಕೊತ್ತಂಬರಿ ಕಾಳಿಗಿಂತ ದೊಡ್ಡದೇನಲ್ಲ. ಅಮ್ಮನ ಹಳೆಯ ದೋಸೆ ಕಾವಲಿಯನ್ನು ಬೇಡಿ ಪಡೆದು, ಅದರ ಮೇಲೆ ಎಲ್‌ಇಡಿಗಳು ಕೂತಿದ್ದ ತಾಮ್ರದ ಬಿಲ್ಲೆಯನ್ನಿಟ್ಟು, ಹಳೆಯ ಎಲ್‌ಇಡಿಗಳನ್ನು ಬಿಡಿಸಿ, 138 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬೆಸುಗೆ ಪೇಸ್ಟನ್ನು ಸೂಜಿಯ ಮೊನೆಯಿಂದ ಹಚ್ಚಿ, ಮಂದ ಉರಿಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಾಗ, ಬೂದು ಬಣ್ಣದ ಪೇಸ್ಟು ಒಮ್ಮೆಲೇ ಬೆಳ್ಳಿಯಂತೆ ಮಿಂಚಿ ಎಲ್‌ಇಡಿ ತಾನಾಗಿಯೇ ಜಾಗಕ್ಕೆ ಸರಿದು ಕುಳಿತ ಆ ಗಳಿಗೆಯ ಸುಖವನ್ನು ನಾನು ಯಾರಿಗೂ ವಿವರಿಸಲಾರೆ. ಆ ಕಾವಲಿಯನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ. ಅಮ್ಮ ಅದನ್ನು ಇನ್ನೂ ಮರೆತಿಲ್ಲ.

ಇಷ್ಟೆಲ್ಲ ಏಕೆ ಎಂದು ಕೇಳುವವರನ್ನು ಸಂತೆಕಟ್ಟೆಯ ಮೀನಿನ ಅಂಗಡಿಗೆ ಕತ್ತಲಾಗುವ ಹೊತ್ತಿಗೆ ಕರೆದುಕೊಂಡು ಹೋಗಬೇಕು. ಬಂಗುಡೆಯ ಕಿವಿರು ಕೆಂಪಾಗಿದೆಯೋ ಕಂದಾಗಿದೆಯೋ ಎಂಬುದು ಅಗ್ಗದ ಟಾರ್ಚಿನ ಬೆಳಕಿನಲ್ಲಿ ತಿಳಿಯುವುದೇ ಇಲ್ಲ. ಕಡುಗೆಂಪೆಲ್ಲ ಅದರಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯುಂಟು, ನೂರಕ್ಕೆ ನೂರು ಎಂದರೆ ಪೂರ್ಣಾಂಕ. ಆದರೆ ಆ ಅಂಕವನ್ನು ಲೆಕ್ಕಹಾಕುವುದು ಎಂಟು ತಿಳಿಬಣ್ಣಗಳ ಸರಾಸರಿಯಿಂದ. ಕಡುಗೆಂಪಿಗೆ ಆರ್9 ಎಂಬ ಬೇರೆಯೇ ಅಂಕವಿದ್ದು, ಅದು ಸರಾಸರಿಯೊಳಗೆ ಬರುವುದಿಲ್ಲ. ನನ್ನ ಎಲ್‌ಇಡಿಗಳು ಆ ಕೆಂಪನ್ನೂ ಸರಿಯಾಗಿ ತೋರಿಸುತ್ತವೆ. ಮೀನಿನ ವಿಷಯ ಹೋಗಲಿ, ಮಳೆಗಾಲದ ರಾತ್ರಿಯಲ್ಲಿ ತೆಂಗಿನ ಬುಡದ ತರಗೆಲೆಯ ನಡುವೆ ಬಿದ್ದಿರುವುದು ಒಣಗಿದ ಮಡಲಿನ ಚೂರೋ ಕನ್ನಡಿ ಹಾವೋ ಎಂದು ತಿಳಿಯುವುದು ಕಾಲಿನ ಪ್ರಶ್ನೆ.

ಹಾಗಿದ್ದರೂ ನಾನು ಕಿಸೆಯಿಂದ ಟಾರ್ಚು ತೆಗೆದ ಕೂಡಲೇ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, “ಮೊಬೈಲಲ್ಲಿ ಉಂಟಲ್ಲ ಮಾರಾಯ?” ಉಂಟು. ಬೀಗದ ಕಿಂಡಿ ಹುಡುಕುವುದಕ್ಕೆ ಸಾಲುವಷ್ಟು ಉಂಟು. ನಮ್ಮ ಆಫೀಸಿನಲ್ಲಿ ಒಬ್ಬರು 300 ರೂಪಾಯಿಯ ಟಾರ್ಚು ತಂದು, ಅದರ ಪೆಟ್ಟಿಗೆಯ ಮೇಲೆ ಬೆಳಕಿನ ಪ್ರಮಾಣ ಒಂದು ಲಕ್ಷ ಲ್ಯುಮೆನ್ ಎಂಬ ಹಸಿ ಸುಳ್ಳು ಅಚ್ಚಾಗಿರುವುದನ್ನು ತೋರಿಸಿ ನನ್ನನ್ನು ಸೋಲಿಸಿದ ಖುಷಿಯಲ್ಲಿ ವಾರವಿಡೀ ಓಡಾಡಿದರು. ನಾನು ವಾದಕ್ಕೆ ಹೋಗಲಿಲ್ಲ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ನಕ್ಕವರೇ ಕರೆಂಟು ಹೋದ ರಾತ್ರಿ ಕೈಚಾಚಿ ಬರುತ್ತಾರಲ್ಲ, ಸಿಟ್ಟು ಅಲ್ಲಿಂದ ಶುರುವಾಗುತ್ತದೆ.

ಈ ಸಲ ಬಂದವರು ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರ ಮನೆ ಕಟಪಾಡಿಯ ಕಡೆ. ಮೊದಲ ಮಳೆ ಜೋರಾಗಿ ಹೊಡೆದು, ತೋಡಿನ ನೀರು ಗದ್ದೆಗೆ ನುಗ್ಗಿ, ಮೀನು ಹತ್ತಿ ಬರುವ ರಾತ್ರಿ ಅದು. “ನಿನ್ನ ಆ ಚಿಕ್ಕ ಲೈಟು ಕೊಡು ಮಾರಾಯ, ಮೀನಿಗೆ ಹೋಗಲಿಕ್ಕುಂಟು, ನಾಳೆ ಬೆಳಿಗ್ಗೆಯೇ ತಂದು ಕೊಡುತ್ತೇನೆ” ಎಂದರು. ಅಕ್ಕನ ಗಂಡನಿಗೆ ಇಲ್ಲವೆನ್ನುವುದು ಹೇಗೆ? ನನ್ನಿಂದಾದ ಎಚ್ಚರಿಕೆಯನ್ನು ನಾನು ವಹಿಸಿದೆ. ಈ ಟಾರ್ಚಿನಲ್ಲಿ ಆಂಡುರಿಲ್ ಎಂಬ ಮುಕ್ತ ತಂತ್ರಾಂಶವಿದೆ. ಆರಿಸಿದ ಸ್ಥಿತಿಯಲ್ಲಿ ಸ್ವಿಚ್ಚನ್ನು ಹತ್ತು ಬಾರಿ ಒತ್ತಿದರೆ ಅದು ಸರಳ ವಿಧಾನಕ್ಕೆ ಹೋಗಿ, ತೀರಾ ಪ್ರಖರವಾದ ಬೆಳಕನ್ನು ತಡೆಯುತ್ತದೆ. ಪರರ ಕೈಗೆ ಕೊಡುವಾಗ ಅವರ ಲುಂಗಿ ಸುಡದಿರಲಿ ಎಂಬುದಕ್ಕೆ ಇದು ತಕ್ಕ ಏರ್ಪಾಡು. ಹತ್ತು ಬಾರಿ ಒತ್ತಿಯೇ ಕೊಟ್ಟೆ. ಆದರೆ ಆ ತಂತ್ರಾಂಶದಲ್ಲಿ ಹುಣಸೆಹುಳಿಗೆ ತಡೆಯಿಲ್ಲ.

ಬೆಳಿಗ್ಗೆ ಬರಬೇಕಾದದ್ದು ಬರಲಿಲ್ಲ. ಎರಡನೆಯ ವಾರ ಫೋನು ಮಾಡಿದಾಗ, “ಓ, ಅದಾ? ಇಲ್ಲೇ ಎಲ್ಲೋ ಉಂಟು” ಎಂಬ ಉತ್ತರ ಬಂತು. ಹಿಂದಿನ ಕಾಲದಲ್ಲಿ ರಾತ್ರಿ ಹೊರಡುವ ನೆಂಟರಿಗೆ ಒಣಮಡಲಿನ ಸೂಟೆ ಕಟ್ಟಿ ಹಚ್ಚಿ ಕೊಡುತ್ತಿದ್ದರು. ಸೂಟೆಯನ್ನು ಯಾರೂ ಹಿಂದಕ್ಕೆ ಕೊಡುತ್ತಿರಲಿಲ್ಲ, ಕೊಟ್ಟವರು ಕೇಳುತ್ತಲೂ ಇರಲಿಲ್ಲ, ಮನೆ ಮುಟ್ಟುವಾಗ ಅದು ಉರಿದು ಮುಗಿದಿರುತ್ತಿತ್ತು. ನಮ್ಮ ಜನ ಇಂದಿಗೂ ಬೆಳಕು ಕೊಡುವ ವಸ್ತುವನ್ನೆಲ್ಲ ಸೂಟೆಯ ಲೆಕ್ಕದಲ್ಲಿಯೇ ಇಟ್ಟಿದ್ದಾರೆಂದು ನನಗೆ ಅನ್ನಿಸುತ್ತದೆ.

ಕೊನೆಗೆ ಮೊನ್ನೆ ಭಾನುವಾರ ಭಾವ ಬಂದರು. ಪ್ಲಾಸ್ಟಿಕ್ ಚೀಲದಿಂದ ಟಾರ್ಚನ್ನು ತೆಗೆದು, ಬೆಲ್ಲದ ಪಾಕ ಹದಕ್ಕೆ ಬಂದವರ ಮುಖದಂಥ ಸಂತೃಪ್ತ ಮುಖದಿಂದ ನನ್ನ ಕೈಗಿಟ್ಟರು. “ನೋಡು, ಹೊಸತರ ಹಾಗೆ ಮಾಡಿ ತಂದಿದ್ದೇನೆ. ಎಂತ ಕಪ್ಪು ಹಿಡಿದಿತ್ತು ಮಾರಾಯ! ಮೀನಿನ ವಾಸನೆಯೂ ಬರುತ್ತಿತ್ತು. ಅಮ್ಮ ದೀಪದೊಟ್ಟಿಗೆ ಹುಳಿ ಹಾಕಿ ತಿಕ್ಕಿದರು.”

ಹದಿನೆಂಟು ತಿಂಗಳು, ಸ್ವಾಮಿ. ಹದಿನೆಂಟು ತಿಂಗಳು ಅದು ನನ್ನ ಕಿಸೆಯಲ್ಲಿ, ನನ್ನ ಬೆವರಿನಲ್ಲಿ, ಈ ಕರಾವಳಿಯ ಉಪ್ಪುಗಾಳಿಯಲ್ಲಿ ಮಾಗಿತ್ತು. ಬೆರಳು ಸದಾ ತಾಗುವ ಸ್ವಿಚ್ಚಿನ ಸುತ್ತ ಹಣ್ಣಡಿಕೆಯ ಕೆಂಬಣ್ಣ ಉಳಿದು, ಅಲ್ಲಿಂದ ಹಿಂದಕ್ಕೆ ಸರಿದಂತೆ ಹಳೆಯ ಮರದ ಕಂಬದಂಥ ಗಾಢ ಕಂದು ಹರಡಿ, ಅತಿ ಬಿಸಿಯಾಗುವ ತಲೆಯ ಬಳಿ ಪಾರಿವಾಳದ ಕುತ್ತಿಗೆಯ ಹಾಗೆ ನೇರಳೆ ಛಾಯೆಯೊಂದು ಮೂಡಿತ್ತು. ಹಿಂಬದಿಯ ಅಂಚಿನಲ್ಲಿ ಮಲ್ಪೆಯ ಕಡಲತೀರದಲ್ಲಿ ಅಲೆಯ ಹನಿ ಸಿಡಿದಾಗ ಆದ ಪುಟ್ಟ ಹಸಿರು ಚುಕ್ಕೆಯಿತ್ತು. ಅದು ಮಗಳನ್ನು ಮೊದಲ ಬಾರಿ ಸಮುದ್ರಕ್ಕೆ ಕರೆದುಕೊಂಡು ಹೋದ ಸಂಜೆಯದು. ತಾಮ್ರದ ಟಾರ್ಚನ್ನು ಕೊಳ್ಳುವುದೇ ಇದಕ್ಕಾಗಿ. ಹಣ ಕೊಟ್ಟರೆ ತಾಮ್ರ ಸಿಗುತ್ತದೆ, ಆ ಬಣ್ಣ ಸಿಗುವುದಿಲ್ಲ. ಹುಣಸೆಯ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲಿನ ಆಕ್ಸೈಡನ್ನು ಕರಗಿಸುವುದಕ್ಕೆ ಐದು ನಿಮಿಷವೂ ಬೇಕಾಗಿಲ್ಲ.

ಆದರೆ ಅಕ್ಕನ ಅತ್ತೆಯವರಿಗೆ ನಾನು ಏನೆಂದು ಹೇಳಲಿ? ನಾವು ಪ್ಯಾಟಿನಾ ಎಂದು ಮೆಚ್ಚಿಕೊಳ್ಳುವುದಕ್ಕೆ ಅವರ ಭಾಷೆಯಲ್ಲಿರುವ ಹೆಸರು ಕಿಲುಬು. ತಾಮ್ರದ ಪಾತ್ರೆಗೆ ಕಿಲುಬು ಹಿಡಿದರೆ ಅದರಲ್ಲಿಟ್ಟ ಹುಳಿಪದಾರ್ಥ ವಿಷವಾಗುತ್ತದೆಂದು ಕಲಾಯಿ ಹಾಕಿಸಿಕೊಂಡು ಬಂದ ತಲೆಮಾರು ಅವರದು. ಕಪ್ಪಾದ ತಾಮ್ರ ಕಣ್ಣಿಗೆ ಬಿದ್ದರೆ ಅವರ ಕೈ ತಾನಾಗಿಯೇ ಹುಣಸೆಹಣ್ಣಿನ ಭರಣಿಯತ್ತ ಹೋಗುತ್ತದೆ. 76 ವರ್ಷದ ಹಿರಿಯರು, ಮಂಡಿನೋವಿನ ನಡುವೆಯೂ ಬಾವಿಕಟ್ಟೆಯ ಬಳಿ ಕುಳಿತು, ನನ್ನ ವಸ್ತುವೆಂಬ ಪ್ರೀತಿಯಿಂದ ಅರ್ಧ ಗಂಟೆ ತಿಕ್ಕಿದ್ದಾರೆ. ಇಂಥವರ ಮೇಲೆ ಸಿಟ್ಟು ಮಾಡಿಕೊಂಡರೆ ಮನುಷ್ಯನೆನಿಸಿಕೊಳ್ಳುತ್ತೇನೆಯೇ? ಮಾಡಿಕೊಳ್ಳದಿದ್ದರೆ ಈ ಸಿಟ್ಟನ್ನು ಎಲ್ಲಿ ಇಡಲಿ?

ಅಷ್ಟಕ್ಕೇ ಮುಗಿದಿದ್ದರೆ ಇನ್ನೊಂದು ಹದಿನೆಂಟು ತಿಂಗಳು ಕಾಯುತ್ತಿದ್ದೆ. ಸ್ವಿಚ್ಚು ಒತ್ತಿದರೆ ಬೆಳಕು ಮಿಣಮಿಣ ಎಂದಿತು. ಹಿಂಬದಿಯನ್ನು ತಿರುಗಿಸಿ ಬಿಚ್ಚಿದಾಗ ಘಮ್ಮೆಂದು ತೆಂಗಿನೆಣ್ಣೆಯ ಪರಿಮಳ ಬಂತು. ಇಂಥ ಟಾರ್ಚುಗಳಲ್ಲಿ ಮೈಯೇ ಒಂದು ತಂತಿ. ಸೆಲ್ಲಿನ ಋಣ ತುದಿಯಿಂದ ಹೊರಟ ವಿದ್ಯುತ್ತು ಕೊಳವೆಯ ಮೂಲಕವೇ ಹಾದು ತಲೆಯನ್ನು ಮುಟ್ಟಬೇಕು. ಆದ್ದರಿಂದ ಅದರ ಥ್ರೆಡ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನೀರು ತಡೆಯುವ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸನ್ನು ಕಡಲೆಕಾಳಿನ ಕಾಲು ಭಾಗದಷ್ಟು ಮಾತ್ರ ಹಚ್ಚುವುದು ನನ್ನ ತಿಂಗಳ ವ್ರತ. ಈಗ ಆ ಥ್ರೆಡ್ಡುಗಳಲ್ಲಿ ಹುಣಸೆಯ ನಾರು, ತೋಡಿನ ಕೆಸರು ಮತ್ತು ಎಣ್ಣೆ ಕಲಸಿಕೊಂಡು ಉಪ್ಪಿನಕಾಯಿಯ ತಳದಂತಾಗಿತ್ತು. “ತಿರುಗಿಸುವಾಗ ಗಟ್ಟಿ ಆಗುತ್ತಿತ್ತು, ಹಾಗೆ ನಾನೇ ಸ್ವಲ್ಪ ಎಣ್ಣೆ ಬಿಟ್ಟೆ” ಎಂದು ಭಾವ ಹೇಳಿದರು. ಅದೂ ಉಪಕಾರವೇ.

ಒಳಗಿನಿಂದ ಸೆಲ್ಲು ಜಾರಿ ಬಂತು. ನನ್ನದಲ್ಲ. ನಾನಿಟ್ಟಿದ್ದದ್ದು ಮೋಲಿಸೆಲ್ ಪಿ28ಎ, 18650 ಗಾತ್ರದ್ದು, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ವಿದ್ಯುತ್ತು ಹಿಡಿಯುವ ಸಾಮರ್ಥ್ಯ 2800 ಎಂಎಎಚ್. ಈಗ ಬಂದದ್ದು ಕಡುನೀಲಿ ಕವಚದ, 9900 ಎಂಎಎಚ್ ಎಂದು ಬರೆದುಕೊಂಡಿರುವ ಯಾವುದೋ ಒಂದು. ಅಳಿಯನಿಗೆ ಫೋನು ಮಾಡಿದೆ. ಅವನು ಸುರತ್ಕಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆಂಬುದನ್ನು ದಯವಿಟ್ಟು ಗಮನಿಸಬೇಕು. “ಮಾವ, ನಿಮ್ಮದರಲ್ಲಿ ಬರೀ 2800 ಇತ್ತು. ನಾನು 9900ದ್ದು ಹಾಕಿದ್ದೇನೆ. ಹಳೆಯದು ನನ್ನ ಫ್ಯಾನಿಗೆ ಸಾಕಾಗುತ್ತದೆ, ಪರವಾಗಿಲ್ಲ” ಎಂದು ತ್ಯಾಗದ ದನಿಯಲ್ಲಿ ಹೇಳಿದ. ಆ ಗಾತ್ರದ ಸೆಲ್ಲಿನೊಳಗೆ ಒಳ್ಳೆಯ ತಯಾರಕರು ತುಂಬಿಸಬಲ್ಲದ್ದು 3500ರ ಆಸುಪಾಸು. ಕವಚದ ಮೇಲೆ 9900 ಎಂದು ಬರೆಯುವುದು, ಒಂದು ಸೇರಿನ ಪಾತ್ರೆಯ ಮೇಲೆ ಮೂರು ಸೇರು ಎಂದು ಬರೆದ ಹಾಗೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಅಸಲಿ ಸೆಲ್ಲು 45 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ, ಇದು 31 ಗ್ರಾಂ ತೂಗಿತು. ಉಳಿದ ಜಾಗದಲ್ಲಿ ಏನಿದೆಯೆಂದು ಬಿಚ್ಚಿ ನೋಡುವ ಧೈರ್ಯ ನನಗಿಲ್ಲ. ನಾಲ್ಕು ಎಲ್‌ಇಡಿಗಳು ಪೂರ್ಣ ಬೆಳಕಿಗೆ ಎಳೆಯುವಷ್ಟು ವಿದ್ಯುತ್ತನ್ನು ಕೊಡಲು ಅದರಿಂದ ಸಾಧ್ಯವೇ ಇಲ್ಲ. ಎಲ್ಲವನ್ನೂ ಒರೆಸಿ ಹೊತ್ತಿಸಿದರೂ ಒಂದು ಸೆಕೆಂಡು ಬೆಳಗಿ, ಸೋತು ಕಣ್ಣುಮುಚ್ಚುತ್ತದೆ.

ಈಗ ನನ್ನ ಅವಸ್ಥೆಯನ್ನು ನೋಡಿ. ಒಬ್ಬರು ತೊಳೆದುಕೊಟ್ಟರು, ಒಬ್ಬರು ಎಣ್ಣೆ ಬಿಟ್ಟರು, ಒಬ್ಬ ಮೂರು ಪಟ್ಟು ದೊಡ್ಡ ಸೆಲ್ಲು ಹಾಕಿಕೊಟ್ಟ. ಮೂವರೂ ನನ್ನಿಂದ ಧನ್ಯವಾದದ ನಿರೀಕ್ಷೆಯಲ್ಲಿದ್ದಾರೆ. ಬೆಲೆಯನ್ನಾದರೂ ಹೇಳಿ ಬಾಯಿ ಮುಚ್ಚಿಸೋಣವೆಂದರೆ ಅದೂ ಆಗದು. ಆ ಟಾರ್ಚು, ಎಲ್‌ಇಡಿ, ಸೆಲ್ಲು, ಚಾರ್ಜರು ಎಲ್ಲ ಸೇರಿ ಹತ್ತು ಸಾವಿರದ ಗಡಿ ದಾಟಿದ್ದು ನನಗೆ ಮತ್ತು ದುಬೈಯ ಗೆಳೆಯನಿಗೆ ಮಾತ್ರ ಗೊತ್ತು. ಮನೆಯಲ್ಲಿ ನಾನು ಹೇಳಿರುವುದು 1200 ರೂಪಾಯಿ. ಅದಕ್ಕೇ, “1200ರ ಟಾರ್ಚಿಗೆ ನಮ್ಮ ಅತ್ತೆಯ ಮನಸ್ಸು ನೋಯಿಸುವುದಾ?” ಎಂದು ಅಕ್ಕ ಫೋನಿನಲ್ಲಿ ಗದರಿದಾಗ, ಎದುರಿಗೇ ಕುಳಿತಿದ್ದ ಹೆಂಡತಿಯ ಮುಖ ನೋಡಿ ಹೌದೆಂದು ತಲೆಯಾಡಿಸಿದೆ. ಅಪ್ಪನ ಕಾಲದಲ್ಲಿ ಮೂರು ಸೆಲ್ಲಿನ ಒಂದು ಸ್ಟೀಲಿನ ಟಾರ್ಚು ಕಿಟಕಿಯ ದಳಿಯ ಮೇಲೆ ಇರುತ್ತಿತ್ತು. ಮುಗಿದ ಸೆಲ್ಲುಗಳನ್ನು ಅವರು ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸುತ್ತಿದ್ದರು, ಅವರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವ ಧೈರ್ಯ ಇದೇ ಭಾವನಿಗೂ ಇರಲಿಲ್ಲ. ಅಪ್ಪ ಅದರ ಬೆಲೆಯನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ನಿನ್ನೆ ಸಂಜೆ ಅಕ್ಕನ ಅತ್ತೆಯವರೇ ಫೋನಿನಲ್ಲಿ ಮಾತನಾಡಿದರು. ಲೈಟು ಹೊಳೆಯುತ್ತಿದೆಯೇ ಎಂದು ವಿಚಾರಿಸಿದರು. ಹೊಳೆಯುತ್ತಿದೆ ಎಂದೆ. ಹಿತ್ತಾಳೆಯದ್ದು ಇನ್ನೊಂದು ನಿನ್ನ ಹತ್ತಿರ ಉಂಟಂತೆ, ಅದೂ ಕಪ್ಪಾಗಿದೆಯಂತೆ, ಮಾಣಿ ಹೇಳಿದ, ಚೌತಿಗೆ ಬರುವಾಗ ಮರೆಯದೆ ತಾ ಎಂದರು. ಹ್ಞೂಂ ಎಂದೆ. ಹಿತ್ತಾಳೆಯದ್ದು ಈಗ ಕಪಾಟಿನ ಮೇಲಿನ ಅರೆಯಲ್ಲಿ, ಸುಟ್ಟ ದೋಸೆ ಕಾವಲಿಯ ಹಿಂದೆ, ಹಳೆಯ ಕಾಲುಚೀಲವೊಂದರ ಒಳಗಿದೆ.