ಇಪ್ಪತ್ತೊಂಬತ್ತು ಇಂಚಿನ ಗತ್ತು

ಮೌಂಟನ್ ಬೈಕ್, ಅಂದರೆ ಕಾಡು-ಗುಡ್ಡದ ದಾರಿಯಲ್ಲಿ ತುಳಿಯುವ ಸೈಕಲ್ಲು, ಎಂದರೆ ನನ್ನ ಮಟ್ಟಿಗೆ 26 ಇಂಚಿನ ಚಕ್ರ. ಅದು ಯಾಕೆ 26 ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ದೋಸೆ ಯಾಕೆ ದುಂಡಗಿದೆ ಅಂತ ಯಾರಾದರೂ ಕೇಳುತ್ತಾರಾ? ಹಾಗಾಗಿ ಗೆಳೆಯ ತನ್ನ 29 ಇಂಚಿನ ಸೈಕಲ್ಲನ್ನು ಅವಲಹಳ್ಳಿ ಕಾಡಿನ ಹತ್ತಿರ ಕಾರಿನಿಂದ ಇಳಿಸಿದಾಗ, ಇದು ಯಾರೋ ಆರೂವರೆ ಅಡಿಯವರಿಗೆ ಮಾಡಿಸಿದ್ದು ಅಂತಲೇ ಅಂದುಕೊಂಡೆ. ಅವನು ನನಗಿಂತ ಕುಳ್ಳ.

"ಬ್ರೇಕ್ ಮೇಲೆ ಒಂದು ಬೆರಳು ಇಟ್ಕೊಂಡೇ ಇರು ಗುರು, ಇದು ತಾನಾಗಿ ನಿಲ್ಲೋ ಗಿರಾಕಿ ಅಲ್ಲ" ಅಂದ.

ನಿಲ್ಲುವುದಿರಲಿ, ಮೊದಲು ಹೊರಡಬೇಕಲ್ಲ! ದೊಡ್ಡ ಚಕ್ರಕ್ಕೆ ಬೆಳಗಿನ ಸೋಮಾರಿತನವಿದೆ. ರಿಮ್ಮು, ಟೈರು ಎರಡೂ ಭಾರ. ಆ ಭಾರವೂ ಅಂಚಿನಲ್ಲೇ ಇರುವುದರಿಂದ ತಿರುಗಿಸಲು ಜಾಸ್ತಿ ದಮ್ಮು ಬೇಕು. ಮೇಲಾಗಿ ಚಕ್ರದ ಒಂದು ಸುತ್ತಿಗೆ ಸೈಕಲ್ಲು ಸುಮಾರು 20 ಸೆಂಟಿಮೀಟರ್ ಹೆಚ್ಚು ಮುಂದೆ ಹೋಗುತ್ತದೆ. ಕೇಳಲು ಲಾಭವೇ. ಆದರೆ ಏರಿನಲ್ಲಿ ಅದೇ ಗೇರು ಒಂದು ಹಲ್ಲು ಬಿಗಿಯಾದಂತೆ ತೊಡೆಗೆ ಗೊತ್ತಾಗುತ್ತದೆ.

ಒಮ್ಮೆ ಉರುಳಲು ಶುರುವಾಯಿತೋ, ಕಥೆಯೇ ಬೇರೆ. ಕೆಂಪು ಮಣ್ಣಿನ ದಾರಿಗೆ ಅಡ್ಡ ಮಲಗಿದ ನೀಲಗಿರಿ ಬೇರುಗಳು, ಮಳೆ ಕೊರೆದ ಸಣ್ಣ ಚರಂಡಿಗಳು, ತೆಂಗಿನಕಾಯಿ ಗಾತ್ರದ ಕಲ್ಲುಗಳು. ನನ್ನ ಸೈಕಲ್ಲಿನಲ್ಲಿ ಇವು ಒಂದೊಂದೂ ಮೊಣಕೈಗೆ ಬಂದು ಹಾಜರಿ ಹಾಕುತ್ತವೆ. ಇಲ್ಲಿ ಎಲ್ಲವೂ ಕೆಳಗೇ ಎಲ್ಲೋ ಮುಗಿದುಹೋದವು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. 8 ಸೆಂಟಿಮೀಟರ್ ಎತ್ತರದ ಕಲ್ಲಿಗೆ ಚಕ್ರ ತಾಗುವ ಕೋನದಲ್ಲಿ ಎರಡೂ ಗಾತ್ರಗಳ ನಡುವೆ ಇರುವ ವ್ಯತ್ಯಾಸ ಬರೀ ಎರಡು ಡಿಗ್ರಿ. ಕಾಗದದ ಮೇಲೆ ಏನೇನೂ ಅಲ್ಲ. ಸೊಂಟಕ್ಕೆ ಮಾತ್ರ ಆ ಎರಡು ಡಿಗ್ರಿಯ ಬೆಲೆ ಗೊತ್ತು.

ತಿರುವಿನಲ್ಲಿ ಸ್ವಲ್ಪ ಜಗಳವಾಯಿತು. ಎರಡು ಮರಗಳ ನಡುವೆ ಸರಕ್ಕನೆ ನುಗ್ಗುವ ಅಭ್ಯಾಸ ನನ್ನದು. ಇದಕ್ಕೆ ಹಾಗೆ ಕೊನೇ ಗಳಿಗೆಯಲ್ಲಿ ಹೇಳಿದರೆ ಆಗುವುದಿಲ್ಲ, ಸ್ವಲ್ಪ ಮುಂಚೆಯೇ ಅರ್ಜಿ ಕೊಡಬೇಕು. ಮುಂಚಕ್ರ ಎತ್ತಿ ಹಾರಿಸುವ ಪುಂಡಾಟಕ್ಕೂ ಅಷ್ಟಾಗಿ ಒಪ್ಪುವುದಿಲ್ಲ. ನನಗೆ ಕಾಡಿನಲ್ಲಿ ಅರ್ಧ ಖುಷಿ ಸಿಗುವುದೇ ಆ ಪುಂಡಾಟದಲ್ಲಿ, ಹಾಗಾಗಿ ಈ ದೂರು ಸಣ್ಣದಲ್ಲ.

ಅಷ್ಟಕ್ಕೂ 26 ಎನ್ನುವುದು ಯಾರೂ ತಲೆ ಕೆಡಿಸಿಕೊಂಡು ಆರಿಸಿದ ಅಳತೆಯಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಷ್ವಿನ್ ಸೈಕಲ್ಲುಗಳನ್ನು ಗುಡ್ಡಕ್ಕೆ ಹತ್ತಿಸಿ ಇಳಿಜಾರಿನಲ್ಲಿ ಬಿಡುತ್ತಿದ್ದರು. ಅವುಗಳ ಚಕ್ರ 26 ಇಂಚು. ಆಮೇಲೆ ತಾವೇ ಸೈಕಲ್ ಕಟ್ಟುವಾಗಲೂ ಸಿಗುತ್ತಿದ್ದ ದಪ್ಪ ಟೈರು ಅದೇ ಅಳತೆಯದು. ಪ್ರಪಂಚವೆಲ್ಲ ಅದಕ್ಕೇ ಜೋತುಬಿತ್ತು. ಅದೇ ಗುಂಪಿನ ಗ್ಯಾರಿ ಫಿಶರ್ ಮುಂದೆ 29ರ ಪರ ನಿಂತಾಗ ನಕ್ಕವರೇ ಜಾಸ್ತಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ ಕೂತು ಚಿನ್ನ ಗೆದ್ದ. ಹಿಂದೆಯೇ ಬಂದ ನಿನೊ ಶರ್ಟರ್ ಕೂಡ 26 ಬಿಟ್ಟು ಇಪ್ಪತ್ತೇಳೂವರೆಗೆ ಹತ್ತಿಯಾಗಿತ್ತು.

ಇದೆಲ್ಲ ಹೊಸ ಆವಿಷ್ಕಾರ ಅಂತ ಗೆಳೆಯ ಬೀಗುತ್ತಿದ್ದ. ಆದರೆ 29ರ ರಿಮ್ಮಿನ ಅಡ್ಡಳತೆ 622 ಮಿಲಿಮೀಟರ್. ರೇಸಿಂಗ್ ಸೈಕಲ್ಲಿನದೂ ಅಷ್ಟೇ, ದಪ್ಪ ಟೈರು ಸೇರಿ 29 ದೊಡ್ಡದಾಗಿದೆ. ನಮ್ಮ ತಾತನ ಕಾಲದ ಕಪ್ಪು ಅಟ್ಲಾಸ್ ಇತ್ತಲ್ಲ, 28 ಇಂಚಿನದು, ಅದರ ರಿಮ್ಮು 635! ಟಾರು ಕಾಣದ ದಾರಿಯಲ್ಲಿ, ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ, ಮುಂದಿನ ಕಂಬಿಯ ಮೇಲೆ ಮೊಮ್ಮಗ. ಸಸ್ಪೆನ್ಷನ್ ಅಂತ ಇದ್ದದ್ದು ಸೀಟಿನ ಕೆಳಗಿನ ಎರಡು ಸ್ಪ್ರಿಂಗು. ನಾವು ಅದೇ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತವರು. ದೊಡ್ಡ ಚಕ್ರ ಗುಂಡಿಯನ್ನು ಕ್ಷಮಿಸುತ್ತದೆ ಅಂತ ಎತ್ತಿನ ಗಾಡಿ ಮಾಡುವ ಬಡಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಮುಂದೆ 29, ಹಿಂದೆ ಇಪ್ಪತ್ತೇಳೂವರೆ ಹಾಕಿದ ಸೈಕಲ್ಲುಗಳೂ ಬಂದಿವೆ. ಮುಂದಿನದು ಕಲ್ಲು ದಾಟಿಸುತ್ತದೆ, ಹಿಂದಿನದು ತಿರುವಿನಲ್ಲಿ ಚುರುಕು. ನನ್ನ ಪುಂಡಾಟಕ್ಕೂ ಸೊಂಟಕ್ಕೂ ರಾಜಿ ಮಾಡಿಸಲು ಇದೇ ಸರಿ ಅನಿಸಿತು. "ನಿನ್ನದಕ್ಕೂ ಹಿಂದಿನ ಚಕ್ರ ಬದಲಾಯಿಸಿ ನೋಡೋಣವಾ?" ಅಂತ ಕೇಳಿದೆ. "ಮೊದಲು ಕೆಳಗೆ ಇಳಿ" ಅಂದ.